ಎಳೆದು ಹಿಡಿದ ಟೇಪು

ಮಾರ್ಚ್ 4

ತಂಗಿಗೆ,

ಫೆಬ್ರವರಿ 26, ಬುಧವಾರ, ಬೆಳಿಗ್ಗೆ ಹತ್ತೂವರೆಗೆ ನಿನ್ನ ಪ್ರೋಗ್ರಾಂನ ಪುಟದಲ್ಲಿ ಒಂದು ದೂರು ದಾಖಲಾಯಿತು: ‘ಕೈಗವಸು ಬಿಗಿಯಾಗುತ್ತಿದೆ, ಬೆರಳು ತಣ್ಣಗಾಗುತ್ತಿದೆ, ಜನವರಿಯಿಂದ ಆರು ಸಲ.’ ಹನ್ನೆರಡೂಕಾಲಿಗೆ ನೀನು ಉತ್ತರ ಬರೆದೆ: ‘ಬೇರೆ ಯಾವ ಕಾರ್ಯಾಗಾರದಿಂದಲೂ ಇಂಥ ದೂರು ಬಂದಿಲ್ಲ. ಇದು ಅಳತೆ ತೆಗೆಯುವವರ ತಪ್ಪು, ಪ್ರೋಗ್ರಾಂನದಲ್ಲ.’ ಅದರ ಕೆಳಗೆ ‘ಮುಚ್ಚಲಾಗಿದೆ’ ಎಂಬ ಕೆಂಪು ಪಟ್ಟಿ.

ಅಳತೆ ತೆಗೆಯುವವಳು ನಾನು.

ಆರು ವರ್ಷದ ಮೇಲೆ ಬರೆಯುವ ಮೊದಲ ಕಾಗದ ಹೀಗೆ ಶುರುವಾಗಬೇಕಾಯಿತು. ಪುಟದಲ್ಲಿ ನನ್ನ ಹೆಸರು ಇರಲಿಲ್ಲ, ಆದ್ದರಿಂದ ನೀನು ಬೇಕೆಂದೇ ಮಾಡಿದೆ ಎನ್ನುವುದಿಲ್ಲ. ಅಲ್ಲೇ ಜಗಳ ಆಡಬಹುದಿತ್ತು, ಆದರೆ ಅದನ್ನು ಊರೆಲ್ಲ ಓದುತ್ತದೆ. ಫೋನಿನಲ್ಲಿ ನಾವಿಬ್ಬರೂ ಹೇಗೆ ಮಾತಾಡುತ್ತೇವೆ ಎಂಬುದು ನಿನಗೂ ಗೊತ್ತು.

ಅಮ್ಮನ ಹೊಲಿಗೆ ಅಂಗಡಿ ಮುಚ್ಚಿದ ಮರುವರ್ಷ ನಾನು ಆಸ್ಪತ್ರೆಗೆ ಸೇರಿದೆ. ಸುಟ್ಟಗಾಯದ ವಾರ್ಡಿನ ಹಿಂದೆ ಉದ್ದನೆಯ ಕೋಣೆ. ಎರಡು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಕಿಟಕಿಯ ಪಕ್ಕ ನನ್ನ ಅಳತೆ ಮೇಜು. ಗಾಯ ಮಾಗಿದ ಮೇಲೆ ಚರ್ಮ ದಪ್ಪಗಟ್ಟಿ ಎಳೆದುಕೊಳ್ಳುತ್ತದೆ, ಬೆರಳು ಮಡಿಚಿಕೊಳ್ಳುತ್ತದೆ. ಹಾಗಾಗದಂತೆ ತಿಂಗಳುಗಟ್ಟಲೆ ಒತ್ತಿ ಹಿಡಿಯುವ ಕೈಗವಸು ನಾವು ಹೊಲಿಯುವುದು. ಸಡಿಲವಾದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಬಿಗಿಯಾದರೆ ರಕ್ತ ಓಡುವುದಿಲ್ಲ. ನಾನು ತೆಗೆದ ಅಳತೆಯನ್ನು ನಿನ್ನ ಪ್ರೋಗ್ರಾಂಗೆ ಹಾಕುತ್ತೇನೆ, ಅದು ಎಷ್ಟು ಕಡಿಮೆ ಮಾಡಬೇಕೋ ಅಷ್ಟು ಮಾಡಿ ಕಾಗದದ ನಮೂನೆ ಕೊಡುತ್ತದೆ, ನಮ್ಮ ಕಟ್ಟರ್ ಬಟ್ಟೆ ಕತ್ತರಿಸುತ್ತಾರೆ. ಮೂರು ವರ್ಷ ಹೀಗೇ ನಡೆಯಿತು. ಒಂದೂ ವಾಪಸು ಬರಲಿಲ್ಲ.

ಹೌದು, ಮೂರು ವರ್ಷದಿಂದ. ಅದು ನಿನ್ನದೆಂದು ಮೊದಲ ದಿನವೇ ಗೊತ್ತಾಯಿತು. ಬೆರಳ ಸಂದಿಗೆ ಅಷ್ಟು ಚಿಕ್ಕ ಚೌಕದ ತುಂಡು ಇಡುತ್ತಿದ್ದವರು ಅಮ್ಮ ಒಬ್ಬರೇ.

ಜನವರಿಯಲ್ಲಿ ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂತು. ಪ್ರೋಗ್ರಾಂ ಕೂಡ ಹೊಸದನ್ನೇ ಹಾಕಿಕೊಟ್ಟರು. ಅಲ್ಲಿಂದ ಈಚೆಗೆ ಆರು ಕೈಗವಸು ಬಿಗಿ. ಆರನೆಯದು ಒಬ್ಬ ಬಸ್ ಮೆಕ್ಯಾನಿಕ್‌ದು, ಬಲಗೈ, ಕುದಿಯುವ ರೇಡಿಯೇಟರಿನ ಹಬೆ. “ಬಿಸಿ ಇದ್ದಾಗ ಮುಚ್ಚಳ ತೆಗೀಬೇಡಿ ಅಂತ ಇಪ್ಪತ್ತು ವರ್ಷ ಬೇರೆಯವರಿಗೆ ಹೇಳ್ಕೊಂಡು ಬಂದವನು ನಾನೇ ಮೇಡಂ,” ಎಂದು ನಗುತ್ತಾರೆ. ಕೈಗವಸು ಹಾಕಿ ಎರಡು ಗಂಟೆಗೆ ಅವರ ಬೆರಳ ತುದಿ ನೀಲಿಯಾಯಿತು. ಈಗ ಹಾಕುವುದನ್ನೇ ಬಿಟ್ಟಿದ್ದಾರೆ. ಕಿರುಬೆರಳು ಆಗಲೇ ಒಳಕ್ಕೆ ತಿರುಗಿದೆ.

ದೊಡ್ಡ ಡಾಕ್ಟರು ನನ್ನನ್ನು ಕರೆಸಿದರು. “ನಿಮ್ಮ ಕೈ ಮೇಲೆ ನನಗೆ ಸಂಶಯ ಇಲ್ಲ. ಆದ್ರೆ ಆರು ಸಲ ಅಂದ್ರೆ ನಾನು ಸುಮ್ನೆ ಕೂರೋ ಹಾಗಿಲ್ಲ. ಏಪ್ರಿಲ್ ಮೂವತ್ತರೊಳಗೆ ಕಾರಣ ಏನು ಅಂತ ಹೇಳಿ. ಇಲ್ಲಾಂದ್ರೆ ಅಳತೆ ಮೇಜಿಗೆ ಬೇರೆಯವರನ್ನ ಕೂರಿಸ್ತೀನಿ, ನೀವು ಇಸ್ತ್ರಿ ಕಡೆ ನೋಡ್ಕೊಳ್ಳಿ,” ಎಂದರು.

ಮೂವತ್ತೊಂದು ವರ್ಷ ಟೇಪು ಹಿಡಿದಿದ್ದೇನೆ. ಇಸ್ತ್ರಿ ಪೆಟ್ಟಿಗೆ ಹಿಡಿಯುವ ಮನಸ್ಸಿಲ್ಲ. ದೂರನ್ನು ಮತ್ತೆ ತೆರೆ.

ಅಕ್ಕ


ಮಾರ್ಚ್ 11

ಅಕ್ಕನಿಗೆ,

ಕಾಗದ ನಿನ್ನೆ ಸಿಕ್ಕಿತು. ದೂರನ್ನು ತೆರೆದಿದ್ದೇನೆ. ಅದು ನೀನೆಂದು ಗೊತ್ತಿರಲಿಲ್ಲ. ಗೊತ್ತಿದ್ದರೂ ಅದೇ ಉತ್ತರ ಬರೆಯುತ್ತಿದ್ದೆ, ಸ್ವಲ್ಪ ಮೆತ್ತಗೆ.

ನನ್ನ ಕಡೆಯದನ್ನೂ ಕೇಳು. ಈ ಪ್ರೋಗ್ರಾಂ ನನ್ನ ಉದ್ಯೋಗವಲ್ಲ. ನನ್ನ ಉದ್ಯೋಗ ಒಂದು ಲೈಬ್ರರಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು. ಇದು ಓಪನ್ ಸೋರ್ಸ್: ಒಳಗೆ ಏನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಿ ಕಳಿಸಬಹುದು. ಕಳಿಸಿದ್ದನ್ನು ಸೇರಿಸಬೇಕೋ ಬೇಡವೋ ಎಂದು ನೋಡುವವಳು ಮಾತ್ರ ನಾನೊಬ್ಬಳೇ. ಅರವತ್ತೆರಡು ಕಾರ್ಯಾಗಾರಗಳು ಇದನ್ನು ಬಳಸುತ್ತಿವೆ. ವಾರಕ್ಕೆ ಹತ್ತು ದೂರು ಬರುತ್ತವೆ, ಅದರಲ್ಲಿ ಏಳು ಟೇಪನ್ನು ತಪ್ಪಾಗಿ ಓದಿದವರದು. ಕಳೆದ ತಿಂಗಳು ಒಬ್ಬರು ಸೆಂಟಿಮೀಟರಿನ ಜಾಗದಲ್ಲಿ ಇಂಚು ಹಾಕಿ, ‘ನಿಮ್ಮ ಪ್ರೋಗ್ರಾಂ ಗೊಂಬೆಗಳಿಗೆ ಕೈಗವಸು ಹೊಲಿಯುತ್ತದೆ’ ಎಂದು ಬರೆದಿದ್ದರು. ಹಾಗಾಗಿ ಆ ಉತ್ತರ ನನ್ನ ಕೈಯಲ್ಲಿ ಸಿದ್ಧವಾಗಿಯೇ ಇರುತ್ತದೆ.

ಮೂರು ವರ್ಷದಿಂದ ಬಳಸುತ್ತಿದ್ದೇನೆ ಎಂದು ನೀನು ಬರೆದ ಸಾಲನ್ನು ಇನ್ನೊಮ್ಮೆ ಓದಿದೆ. ಅದರ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ.

ನಿಮ್ಮಲ್ಲಿ ಹಾಕಿಕೊಟ್ಟ ಆವೃತ್ತಿಯಲ್ಲಿ ನಮೂನೆ ಎಳೆಯುವ ಭಾಗವನ್ನು ಸಾಲು ಸಾಲಾಗಿ ನೋಡಿದೆ. ಬೆರಳ ಉದ್ದ, ಸಂದಿನ ತುಂಡು, ಹೆಬ್ಬೆರಳ ಬುಡ, ಯಾವುದೂ ಬದಲಾಗಿಲ್ಲ. ಆದ್ದರಿಂದ ನಿನ್ನಿಂದ ಒಂದು ಕೆಲಸ ಆಗಬೇಕು. ಒಂದು ಗಾಜಿನ ಬಾಟಲಿ ತೆಗೆದುಕೋ. ಒಂದು ಸ್ನಾನದ ಟವೆಲನ್ನು ಸುರುಳಿ ಸುತ್ತಿ ಎರಡು ಕಡೆ ದಾರ ಕಟ್ಟು. ಎರಡನ್ನೂ ನೀನು ಅಳೆ, ನಿನ್ನ ಜೊತೆಯ ಇಬ್ಬರು ಅಳೆಯಲಿ, ಮೂರು ಮೂರು ಸಲ. ಒಬ್ಬರ ಅಂಕಿಯನ್ನು ಇನ್ನೊಬ್ಬರು ನೋಡಬಾರದು. ಒತ್ತಿದರೆ ಬಾಟಲಿ ಕುಗ್ಗುವುದಿಲ್ಲ, ಟವೆಲ್ ಕುಗ್ಗುತ್ತದೆ. ಯಾಕೆಂದು ನಿನಗೆ ಅರ್ಥವಾಗುತ್ತದೆ.

ಬೇಜಾರು ಮಾಡಿಕೊಳ್ಳಬೇಡ. ಯಾರು ದೂರು ಕೊಟ್ಟರೂ ಇದನ್ನೇ ಕೇಳಬೇಕಿತ್ತು, ಕೇಳಿರಲಿಲ್ಲ.

ನಿನ್ನ ತಂಗಿ


ಮಾರ್ಚ್ 19

ತಂಗಿಗೆ,

ಬೇಜಾರಾಯಿತು. ಆದರೂ ಅಳೆದೆ.

ಬಾಟಲಿ ಮೂವರಿಗೂ ಇಪ್ಪತ್ತನಾಲ್ಕು ಸೆಂಟಿಮೀಟರ್. ಟವೆಲ್ ನಮ್ಮ ಕಟ್ಟರ್‌ಗೆ ಸರಾಸರಿ 31.2, ಹೊಲಿಯುವಾಕೆಗೆ 31, ನನಗೆ ಮೊದಲ ಸಲ 29. ಮತ್ತೆ ಅಳೆದೆ, 28.9. ಮೂರನೆಯ ಸಲ 29.

ಕಟ್ಟರ್ ಮೊದಲೇ ತಮಾಷೆ ಶುರು ಮಾಡಿದ್ದರು. ಇಲ್ಲಿ ಎಲ್ಲರೂ ನನ್ನನ್ನು ಟೇಪಮ್ಮ ಎನ್ನುತ್ತಾರೆ. “ಟೇಪಮ್ಮ, ಈಗ ಟವೆಲಿಗೂ ಗ್ಲೌಸ್ ಹೊಲೀಬೇಕಾ?” ಎಂದರು. ಅಂಕಿಗಳನ್ನು ಪಕ್ಕಪಕ್ಕ ಬರೆದಾಗ, “ಅಲ್ರೀ, ನೀವು ಅದರ ಕತ್ತು ಹಿಸುಕ್ತಾ ಇದ್ದೀರಿ,” ಎಂದರು. ಹೊಲಿಯುವಾಕೆ ನಗಲಿಲ್ಲ. ಏಪ್ರಿಲ್ ಮೂವತ್ತರ ನಂತರ ಅಳತೆ ಮೇಜಿಗೆ ಬರಬೇಕಾದವಳು ಅವಳೇ. ಅವಳಿಗೆ ಅದು ಬೇಡ.

ಈಗ ನಾನು ಹೇಳುವುದನ್ನು ಕೇಳು. ಅವರಿಬ್ಬರ ಮೂರು ಮೂರು ಅಳತೆಗಳಲ್ಲಿ ನಾಲ್ಕೈದು ಮಿಲಿಮೀಟರ್ ಏರಿಳಿತ. ನನ್ನದರಲ್ಲಿ ಒಂದು. ನಾನು ಟೇಪು ಎಳೆಯುತ್ತೇನೆ, ಸರಿ. ಆದರೆ ಪ್ರತಿ ಸಲವೂ ಅಷ್ಟೇ ಎಳೆಯುತ್ತೇನೆ. ಅಮ್ಮ ಕಲಿಸಿದ್ದು ಹಾಗೆ: ಸುತ್ತಿ, ಒಂದು ಸಲ ಎಳೆದು, ಟೇಪು ತಾನಾಗಿ ನಿಂತ ಕಡೆ ಓದು. ಆ ಮೇಜಿನ ಆಚೆ ಬದಿಗೆ ನೀನೂ ನಿಂತಿದ್ದೆ.

ಇನ್ನೊಂದು. ಡಿಸೆಂಬರಿನಲ್ಲೂ ಇದೇ ಕೈ ಇತ್ತು. ಆಗ ಕೈಗವಸು ಸರಿ ಬರುತ್ತಿತ್ತು, ಈಗ ಬರುವುದಿಲ್ಲ. ನನ್ನ ಕೈ ಬದಲಾಗಿಲ್ಲ ಎಂದರೆ ಬದಲಾದದ್ದು ಯಾವುದು? ನಮೂನೆ ಎಳೆಯುವ ಭಾಗ ನೋಡಿದೆ ಎಂದೆ. ಬೇರೆ ಭಾಗ ನೋಡು. ಮತ್ತು ನೀನೂ ಒಂದು ಟವೆಲ್ ಅಳೆ.

ಮೆಕ್ಯಾನಿಕ್ ಸೋಮವಾರ ಬಂದಿದ್ದರು. ಕೈಗವಸನ್ನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು.

“ಹಾಕ್ಕೊಂಡ್ರಾ?”

“ಇಟ್ಕೊಂಡಿದೀನಿ ಮೇಡಂ.”

“ಜೇಬಿಗೆ ಗಾಯ ಆಗಿದೆಯಾ?”

“ಬೈಬೇಡಿ. ಹಾಕ್ಕೊಂಡ್ರೆ ಬೆರಳು ಸತ್ತ ಹಾಗಾಗುತ್ತೆ. ಬಿಟ್ರೆ ಮಡಿಚ್ಕೊಳ್ಳುತ್ತೆ. ಸ್ಪ್ಯಾನರ್ ಹಿಡಿಯೋಕೆ ಯಾವುದು ವಾಸಿ, ನೀವೇ ಹೇಳಿ.”

ಮುಂದಿನ ವಾರ ಬರಲು ಹೇಳಿದೆ.

ಅಕ್ಕ


ಮಾರ್ಚ್ 27

ಅಕ್ಕನಿಗೆ,

ಕೂತುಕೊಂಡು ಓದು.

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಟವೆಲ್ ಸುತ್ತಿದೆ. ಲೈಬ್ರೇರಿಯನ್ ಅಳೆದರು: 34. ನಾನು ಅಳೆದೆ: 31.6. ಮತ್ತೆ 31.6. “ನಿಮಗೆ ಆ ಟವೆಲ್ ಮೇಲೆ ಏನು ಸಿಟ್ಟು?” ಎಂದು ಕೇಳಿದರು. ನಾನು ಟೇಪು ಮುಟ್ಟಿ ಮೂರು ವರ್ಷವಾಗಿತ್ತು. ಕೈ ಮರೆತಿರಲಿಲ್ಲ.

ಆಮೇಲೆ ನೀನು ಹೇಳಿದಂತೆ ಬೇರೆ ಭಾಗ ನೋಡಿದೆ. ಇಂಥ ಪ್ರೋಗ್ರಾಂಗಳಲ್ಲಿ ಪ್ರತಿಯೊಂದು ಬದಲಾವಣೆಯೂ ದಾಖಲಾಗುತ್ತದೆ: ಯಾರು ಕಳಿಸಿದರು, ಯಾವ ದಿನ, ಯಾರು ಒಪ್ಪಿದರು. ಎರಡು ವರ್ಷದ ಹಿಂದೆ, ಮೇ 14ರಂದು, ಬೇರೆ ದೇಶದ ಒಬ್ಬ ಫಿಸಿಯೋಥೆರಪಿಸ್ಟ್ ಒಂದೇ ಒಂದು ಅಂಕಿ ಬದಲಿಸಿ ಕಳಿಸಿದ್ದರು. ಬಟ್ಟೆಯನ್ನು ಅಳತೆಗಿಂತ ಶೇಕಡಾ ಎಷ್ಟು ಕಡಿಮೆ ಕತ್ತರಿಸಬೇಕು ಎಂಬ ಅಂಕಿ. ನಾನು ಇಟ್ಟದ್ದು ಹತ್ತು. ಅವರು ಹದಿನೈದು ಮಾಡಿದ್ದರು. ‘ನಮ್ಮ ಕೈಗವಸುಗಳು ಸಡಿಲವಾಗುತ್ತಿವೆ, ಪುಸ್ತಕಗಳೂ ಹದಿನೈದು ಎನ್ನುತ್ತವೆ’ ಎಂದು ವಿನಯವಾಗಿ ಬರೆದಿದ್ದರು. ಅದು ನನಗೆ ಬಂದದ್ದು ಸಂಜೆ ನಾಲ್ಕು ಒಂಬತ್ತಕ್ಕೆ. ನಾನು ಒಪ್ಪಿದ್ದು ನಾಲ್ಕು ಇಪ್ಪತ್ತಕ್ಕೆ. ಹನ್ನೊಂದು ನಿಮಿಷ. ಯಾರ ಕೈಗೂ ಹಾಕಿ ನೋಡಲಿಲ್ಲ.

ಹತ್ತು ಎಲ್ಲಿಂದ ಬಂದಿತ್ತು ಎಂಬುದು ಈಗ ಗೊತ್ತಾಯಿತು. ಮೊದಲ ವರ್ಷ ನನ್ನ ಎಡಗೈಯನ್ನೇ ಅಳೆದು, ಹೊಲಿದು, ಹಾಕಿ ನೋಡುತ್ತಿದ್ದೆ. ಹದಿನೈದರಲ್ಲಿ ಹೊಲಿದದ್ದು ತಡೆಯಲಾಗದಷ್ಟು ಬಿಗಿಯಾಗುತ್ತಿತ್ತು, ಹತ್ತು ಸರಿ ಹೊಂದುತ್ತಿತ್ತು. ಪುಸ್ತಕ ಬರೆದವರು ಕೈಗವಸು ಹೊಲಿದವರಲ್ಲ ಎಂದು ತೀರ್ಮಾನಿಸಿ ಹತ್ತು ಇಟ್ಟೆ. ಪುಸ್ತಕ ಸರಿಯಾಗಿಯೇ ಇತ್ತು. ಟೇಪನ್ನು ಸುಮ್ಮನೆ ತಾಗಿಸಿ ಅಳೆಯುವವರಿಗೆ ಹದಿನೈದು ಬೇಕು. ಎಳೆದು ಅಳೆಯುವವರ ಅಂಕಿ ಆಗಲೇ ಶೇಕಡಾ ಏಳರಷ್ಟು ಚಿಕ್ಕದಾಗಿರುತ್ತದೆ, ಅವರಿಗೆ ಹತ್ತೇ ಸಾಕು.

ಅಂದರೆ ಮೊದಲ ಎರಡು ವರ್ಷ ಈ ಪ್ರೋಗ್ರಾಂ ಉಳಿದ ಎಲ್ಲರಿಗೂ ಸಡಿಲ ಕೈಗವಸು ಕೊಟ್ಟಿತು. ನನಗೆ ಗೊತ್ತಿದ್ದಂತೆ ಆ ಅಂಕಿ ಸರಿಹೊಂದುತ್ತಿದ್ದದ್ದು ಇಬ್ಬರಿಗೆ. ಒಬ್ಬಳು ನಾನು, ನಾನು ಯಾರಿಗೂ ಹೊಲಿಯುವುದಿಲ್ಲ. ಹೊಸ ಅಂಕಿ ಬಂದಾಗ ಉಳಿದವರಿಗೆ ಸರಿಹೋಯಿತು. ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ಹಳೆಯ ಅಂಕಿಯೇ ಉಳಿದಿತ್ತು, ಜನವರಿಯವರೆಗೆ.

ನಿನ್ನ ಕೈ ತಪ್ಪಲ್ಲ. ನನ್ನ ಉತ್ತರ ತಪ್ಪು.

ಅಂಕಿಯನ್ನು ಹತ್ತಕ್ಕೆ ಇಳಿಸುವುದು ಹೇಗೆ ಎಂದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಸದ್ಯಕ್ಕೆ ಅದನ್ನು ಮಾಡು. ಮುಂದಿನ ಆವೃತ್ತಿಯಲ್ಲಿ ‘ಬಿಗಿ ಟೇಪು’ ಎಂದು ಒಂದು ಗುಂಡಿ ಇಡುತ್ತೇನೆ. ನೀನು ಒತ್ತಿಕೊಂಡರೆ ಸಾಕು.

ನಿನ್ನ ತಂಗಿ


ಮಾರ್ಚ್ 28

ಅಕ್ಕನಿಗೆ,

ನಿನ್ನೆಯ ಕಾಗದದಲ್ಲಿ ಒಂದು ಬಿಟ್ಟುಹೋಯಿತು. ಅಂಗಡಿ ಖಾಲಿ ಮಾಡಿದ ದಿನ, ಯಂತ್ರ ಹೊತ್ತುಕೊಂಡು ಹೋಗಲು ಬಂದವರ ಮುಂದೆ, “ಇನ್ನು ಹತ್ತು ವರ್ಷಕ್ಕೆ ಟೇಪು ಹಿಡಿಯೋರು ಯಾರಿಗೂ ಬೇಕಾಗಲ್ಲ, ನೀನೂ ಬೇರೆ ಏನಾದ್ರೂ ಕಲಿ,” ಎಂದೆ. ಆ ಹೊತ್ತಿಗಾಗಲೇ ಅಮ್ಮನ ಅಳತೆ ಪುಸ್ತಕದ ಎಲ್ಲ ಹಾಳೆಗಳ ಫೋಟೋ ತೆಗೆದುಕೊಂಡಿದ್ದೆ. ನಿನ್ನನ್ನು ಕೇಳಿರಲಿಲ್ಲ. ಎರಡೂ ತಪ್ಪು.

ತಂಗಿ


ಏಪ್ರಿಲ್ 5

ತಂಗಿಗೆ,

27ರದೂ 28ರದೂ ಎರಡೂ ಕಾಗದ ತಲುಪಿದವು. 27ರದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಅಂಕಿಯನ್ನು ಹತ್ತು ಮಾಡಿ ಮೆಕ್ಯಾನಿಕ್‌ಗೆ ಹೊಸ ಕೈಗವಸು ಹೊಲಿದೆವು. ಹಾಕಿಸಿ ಎರಡು ಗಂಟೆ ಎದುರಿಗೇ ಕೂರಿಸಿಕೊಂಡೆ. ಉಗುರು ಒತ್ತಿ ಬಿಟ್ಟರೆ ಕೆಂಪು ತಕ್ಷಣ ಮರಳುತ್ತಿತ್ತು.

“ಹೇಗಿದೆ?”

“ಬಿಗಿ ಇದೆ ಮೇಡಂ. ಆದ್ರೆ ಕೋಪದ ಬಿಗಿ ಅಲ್ಲ.”

ಹಾಕಿಕೊಂಡೇ ಹೋದರು. ಕಿರುಬೆರಳು ಪೂರ್ತಿ ನೆಟ್ಟಗಾಗುತ್ತದೋ ಇಲ್ಲವೋ, ಈಗಲೇ ಹೇಳಲಾಗದು. ಒಂದು ತಿಂಗಳು ಕಳೆದುಹೋಗಿದೆ, ಅದು ವಾಪಸು ಬರುವುದಿಲ್ಲ.

ಇನ್ನು ನಿನ್ನ ಗುಂಡಿ. ಅದು ಬೇಡ. ‘ಬಿಗಿ ಟೇಪು’ ಎಂದು ಬರೆದು ಇಟ್ಟರೆ ಒತ್ತಬೇಕಾದವರು ಒತ್ತುವುದಿಲ್ಲ. ಮಾರ್ಚ್ 4ರಂದು ‘ನೀನು ಟೇಪು ಎಳೆಯುತ್ತೀಯಾ?’ ಎಂದು ನೀನು ಕೇಳಿದ್ದರೆ, ಇಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ತನ್ನ ಕೈಯ ಬಿಗಿ ತನಗೆ ತಿಳಿಯುವುದಿಲ್ಲ. ಒತ್ತಬಾರದವರು ಯಾರೋ ಆತುರದಲ್ಲಿ ಒತ್ತಿದರೆ, ಅವರ ರೋಗಿ ಸಡಿಲ ಕೈಗವಸು ಹಾಕಿಕೊಂಡು ತಿಂಗಳುಗಟ್ಟಲೆ ನಂಬಿಕೊಂಡಿರುತ್ತಾರೆ.

ಕೇಳುವುದು ಬಿಡು, ಅಳೆದು ನೋಡು. ಹೊಸಬರು ಮೊದಲ ನಮೂನೆ ತೆಗೆಯುವ ಮೊದಲು ಟವೆಲ್ ಅಳೆಯಲಿ. ಆದರೆ ಟವೆಲಿನ ನಿಜವಾದ ಸುತ್ತಳತೆ ಪ್ರೋಗ್ರಾಂಗೆ ಹೇಗೆ ಗೊತ್ತಾಗಬೇಕು? ಇದಕ್ಕೆ ನನಗೆ ಮೂರು ದಿನ ಹಿಡಿಯಿತು. ಒಂದು ಬೆರಳಗಲದ ಕಾಗದದ ಪಟ್ಟಿಯನ್ನು ಟವೆಲಿನ ಸುತ್ತ ಸುಮ್ಮನೆ ಇಡಬೇಕು, ಎಳೆಯಬಾರದು. ಎಳೆದರೆ ಹರಿಯುವಷ್ಟು ತೆಳುವಾದ ಕಾಗದ ಇರಬೇಕು. ತುದಿ ಸೇರಿದಲ್ಲಿ ಗುರುತು ಹಾಕಿ, ಪಟ್ಟಿಯನ್ನು ಮೇಜಿನ ಮೇಲೆ ಹಾಸಿ, ಅಡಿಪಟ್ಟಿಯಿಂದ ಅಳೆಯಬೇಕು. ಅದು ನಿಜದ ಅಳತೆ. ಆಮೇಲೆ ತಮ್ಮ ಟೇಪಿನಿಂದ ಐದು ಸಲ. ಎರಡರ ನಡುವಿನ ವ್ಯತ್ಯಾಸವೇ ಅವರ ಕೈ. ಎಷ್ಟು ಕಡಿಮೆ ಮಾಡಬೇಕೆಂದು ಪ್ರೋಗ್ರಾಂ ಅದರಿಂದ ಲೆಕ್ಕ ಹಾಕಿಕೊಳ್ಳಲಿ. ಐದು ಅಳತೆ ಒಂದಕ್ಕೊಂದು ಹೊಂದದಿದ್ದರೆ ನಮೂನೆ ಕೊಡಬಾರದು, ಮತ್ತೆ ಅಭ್ಯಾಸ ಮಾಡಿ ಎನ್ನಲಿ.

ಎಂಟು ಟವೆಲ್, ಹನ್ನೆರಡು ಜನರ ತೋಳು ಅಳೆದು ನೋಡಿದ್ದೇನೆ. ಟವೆಲನ್ನು ತೋಳಿನಷ್ಟೇ ಮೆತ್ತಗೆ ಸುತ್ತಿದರೆ ಎರಡರಲ್ಲೂ ವ್ಯತ್ಯಾಸ ಒಂದೇ. ತೋಳು ಕೊಟ್ಟವರಲ್ಲಿ ದೊಡ್ಡ ಡಾಕ್ಟರೂ ಒಬ್ಬರು. ಯಾಕೆಂದು ಕೇಳಿದರು. “ಮೂವತ್ತಕ್ಕೆ ಹೇಳ್ತೀನಿ,” ಎಂದೆ.

ಇದನ್ನೆಲ್ಲ ಇಪ್ಪತ್ತೊಂದು ಸಾಲಿನಲ್ಲಿ ಬರೆದು ನಿನ್ನ ಪುಟಕ್ಕೆ ಕಳಿಸಿದ್ದೇನೆ, ಎಲ್ಲರೂ ಕಳಿಸುವ ದಾರಿಯಲ್ಲೇ. ಅಕ್ಕ ಎಂದು ಬಾಗಿಲು ತೆರೆಯಬೇಡ.

ಅಕ್ಕ


ಏಪ್ರಿಲ್ 18

ಅಕ್ಕನಿಗೆ,

ಬಾಗಿಲು ತೆರೆದದ್ದು ನಾನಲ್ಲ, ನೀನು ನೋಡಿರುತ್ತೀಯ. ನಿನ್ನ ಇಪ್ಪತ್ತೊಂದು ಸಾಲು ಬಂದ ದಿನವೇ ಯಾರೋ ಕೇಳಿದರು, ‘ಸ್ನಾನದ ಟವೆಲ್ ಎಂದರೆ ಎಷ್ಟು ದೊಡ್ಡದು?’ ಎಂದು. ನೀನು ಕೊಟ್ಟ ಉತ್ತರವನ್ನು ಲೈಬ್ರೇರಿಯನ್‌ಗೆ ಓದಿ ಹೇಳಿದೆ: ‘ಸರಿಯಾದ ಪ್ರಶ್ನೆ. ನಾನೇ ಬರೆಯಬೇಕಿತ್ತು. ಉದ್ದ, ಅಗಲ, ತೂಕ ಕೆಳಗಿವೆ.’ ನಾಲ್ಕು ವರ್ಷದಲ್ಲಿ ನಾನು ಒಬ್ಬರಿಗೂ ಹಾಗೆ ಉತ್ತರಿಸಿಲ್ಲ.

ಹದಿನಾಲ್ಕು ಕಾರ್ಯಾಗಾರಗಳು ಟವೆಲ್ ಅಳೆದು ಅಂಕಿ ಕಳಿಸಿವೆ. ಒಟ್ಟು ನಲವತ್ಮೂರು ಜನ. ಅವರಲ್ಲಿ ಒಂಬತ್ತು ಮಂದಿ ನಮ್ಮ ಹಾಗೆ ಟೇಪು ಎಳೆಯುತ್ತಾರೆ. ಅಮ್ಮನನ್ನು ಕಂಡವರಲ್ಲ, ಅವರವರ ಅಮ್ಮಂದಿರು ಕಲಿಸಿರಬೇಕು. ಒಬ್ಬಾಕೆ ಬರೆದಿದ್ದಾರೆ: ಎರಡು ವರ್ಷದಿಂದ ತಮ್ಮ ರೋಗಿಗಳು ಕೈಗವಸನ್ನು ಒಬ್ಬೊಬ್ಬರಾಗಿ ಬಿಟ್ಟುಬಿಡುತ್ತಿದ್ದರು, ‘ನಮ್ಮವರಿಗೆ ತಾಳ್ಮೆ ಕಡಿಮೆ’ ಎಂದುಕೊಂಡಿದ್ದೆ ಎಂದು. ದೂರು ಕೊಡುವುದು ಆಕೆಗೆ ಹೊಳೆಯಲೇ ಇಲ್ಲ. ಕೊಟ್ಟಿದ್ದರೆ ಮುಚ್ಚುತ್ತಿದ್ದೆ.

ಟವೆಲ್ ಪರೀಕ್ಷೆಯನ್ನು ಪ್ರೋಗ್ರಾಂಗೆ ಸೇರಿಸುವ ಕೆಲಸ ಮುಗಿದಿದೆ. ಇನ್ನು ಮೇಲೆ ನಾನು ಬರೆದದ್ದನ್ನು ನಾನೇ ಒಪ್ಪುವ ಹಾಗಿಲ್ಲ ಎಂದು ನಿಯಮ ಮಾಡಿದ್ದೇನೆ. ಇನ್ನೊಬ್ಬರು ನೋಡಿ ‘ಒಪ್ಪಿದೆ’ ಒತ್ತಿದರೆ ಮಾತ್ರ ಹೊಸ ಆವೃತ್ತಿ ಹೊರಗೆ ಹೋಗುತ್ತದೆ. ಆ ಅಧಿಕಾರವನ್ನು ನಿನಗೆ ಕೊಟ್ಟಿದ್ದೇನೆ. ಕೋಡ್ ಓದಲು ಬರುವುದಿಲ್ಲ ಎಂದು ಹೇಳಬೇಡ, ಅದನ್ನು ಫಿಸಿಯೋಥೆರಪಿಸ್ಟ್ ಓದಿಯಾಗಿದೆ. ನೀನು ಅಂಕಿಗಳನ್ನೂ ಆವೃತ್ತಿಯ ಜೊತೆ ಎಲ್ಲರಿಗೂ ಹೋಗುವ ಟಿಪ್ಪಣಿಯನ್ನೂ ನೋಡಬೇಕು.

ಟಿಪ್ಪಣಿಯ ಬಗ್ಗೆ ಒಂದು ಮಾತು. ಅದರಲ್ಲಿ ‘ಸುಧಾರಣೆ: ಅಳತೆಗಾರರ ಕೈಗೆ ತಕ್ಕಂತೆ ಹೊಂದಾಣಿಕೆ’ ಎಂದು ಬರೆದಿದ್ದೇನೆ. ಸುಳ್ಳಲ್ಲ. ತಪ್ಪು ಎಂದು ಬರೆದರೆ ಏನಾಗುತ್ತದೆ ಎಂದು ಯೋಚಿಸಿದೆ. ಆಸ್ಪತ್ರೆಗಳು ಬೆದರಿ ಪ್ರೋಗ್ರಾಂ ಕೈಬಿಡುತ್ತವೆ, ಮತ್ತೆ ಚಿಕ್ಕದು, ನಡುವಿನದು, ದೊಡ್ಡದು ಎಂದು ಮೂರೇ ಗಾತ್ರದ ಸಿದ್ಧ ಕೈಗವಸಿಗೆ ಹೋಗುತ್ತವೆ. ಫಿಸಿಯೋಥೆರಪಿಸ್ಟ್ ಒಳ್ಳೆಯ ಮನುಷ್ಯ, ಅವರ ಹೆಸರು ದಾಖಲೆಯಲ್ಲಿದೆ. ನಿನ್ನ ವಿಷಯವೂ ಇದೆ. ಅಳತೆ ಮೇಜಿನವರು ಟೇಪು ಎಳೆಯುತ್ತಿದ್ದರು ಎಂದು ಎಲ್ಲರೂ ಓದುವ ಪುಟದಲ್ಲಿ ಬಂದರೆ ನಿಮ್ಮ ದೊಡ್ಡ ಡಾಕ್ಟರು ಏನೆನ್ನುತ್ತಾರೆ? ಹೊಸ ಆವೃತ್ತಿ ಹಾಕಿಕೊಂಡ ಎಲ್ಲರಿಗೂ ಸರಿಯಾಗುತ್ತದೆ. ಅಷ್ಟು ಸಾಕಲ್ಲವೇ?

ಮೂವತ್ತರೊಳಗೆ ಒಪ್ಪಿಬಿಡು.

ನಿನ್ನ ತಂಗಿ


ಏಪ್ರಿಲ್ 25

ತಂಗಿಗೆ,

ಇವತ್ತು ಶುಕ್ರವಾರ, ಸಂಜೆ ಐದು ಗಂಟೆ. ಕಟ್ಟರ್ ಮನೆಗೆ ಹೋದರು. ನಿನ್ನ ಬದಲಾವಣೆಯನ್ನು ನಾಲ್ಕು ದಿನ ನೋಡಿದೆ. ಅಂಕಿಗಳು ಸರಿ ಇವೆ. ನನ್ನ ಎಂಟು ಟವೆಲ್, ಹನ್ನೆರಡು ತೋಳುಗಳನ್ನು ಹೊಸ ಪ್ರೋಗ್ರಾಂಗೆ ಹಾಕಿ ನೋಡಿದೆ. ಮೂರು ಕೈಗವಸು ಹೊಲಿಸಿದೆ. ಮೂರೂ ಸರಿ ಕೂತವು. ಮೆಕ್ಯಾನಿಕ್ ಅದರಲ್ಲಿ ಒಂದನ್ನು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾರೆ. ಕಿರುಬೆರಳು ಅರ್ಧ ಬಿಚ್ಚಿದೆ; ಇನ್ನರ್ಧಕ್ಕೆ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದು ದೊಡ್ಡ ಡಾಕ್ಟರು ಹೇಳಿದ್ದಾರೆ. “ಅರ್ಧ ಬಂತಲ್ಲ ಬಿಡಿ,” ಎಂದರು ಮೆಕ್ಯಾನಿಕ್. ನನಗೆ ಬಿಡಲಾಗಲಿಲ್ಲ.

ಟಿಪ್ಪಣಿ ಸರಿಯಿಲ್ಲ.

ಸುಧಾರಣೆ ಎಂದು ಓದಿದವರು ಏನು ಮಾಡುತ್ತಾರೆ? ಈಗಿನದೇ ಚೆನ್ನಾಗಿದೆ, ಹೊಸದನ್ನು ಆಮೇಲೆ ಹಾಕಿಕೊಂಡರಾಯಿತು ಎನ್ನುತ್ತಾರೆ. ಹೊಸ ಕಂಪ್ಯೂಟರ್ ಬರದಿದ್ದರೆ ನಮ್ಮಲ್ಲೂ ಹಳೆಯದೇ ಇರುತ್ತಿತ್ತು. ಟೇಪು ಎಳೆಯುವ ಒಂಬತ್ತು ಮಂದಿ ನಮಗೆ ಸಿಕ್ಕಿದ್ದು ಹದಿನಾಲ್ಕು ಕಾರ್ಯಾಗಾರಗಳಲ್ಲಿ. ಉಳಿದ ನಲವತ್ತೆಂಟರಲ್ಲಿ ಎಷ್ಟು ಮಂದಿ? ಅವರ ರೋಗಿಗಳೂ ಕೈಗವಸನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿರುತ್ತಾರೆ. ತಪ್ಪು ಎಂದು ಬರೆದರೆ ಮಾತ್ರ ಅವರು ಈ ವಾರವೇ ತೆರೆದು ನೋಡುತ್ತಾರೆ.

ಆಸ್ಪತ್ರೆಗಳು ಬೆದರುತ್ತವೆ ಎಂದೆ. ಬೆದರಲಿ, ಬೆದರಿ ಟವೆಲ್ ಸುತ್ತಲಿ. ಫಿಸಿಯೋಥೆರಪಿಸ್ಟ್ ಹೆಸರನ್ನು ನಾನು ಬರೆಯುವುದಿಲ್ಲ. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಹನ್ನೊಂದು ನಿಮಿಷದಲ್ಲಿ ಒಪ್ಪಿದ್ದು ನೀನು, ಮೂವತ್ತೊಂದು ವರ್ಷ ತನ್ನ ಕೈಯನ್ನು ಒಮ್ಮೆಯೂ ಅಳೆದು ನೋಡದವಳು ನಾನು. ಇಬ್ಬರದೂ ಬರಬೇಕು.

ತಪ್ಪನ್ನು ತಪ್ಪು ಎಂದು ಬರೆಯಲು ನಿನಗೆ ಬರುವುದಿಲ್ಲ ಎಂದರೆ ನಂಬುತ್ತಿದ್ದೆ. ಆದರೆ ಮಾರ್ಚ್ 28ರಂದು ನೀನೇ ಬರೆದಿದ್ದೆ. ನಾಲ್ಕೈದು ಸಾಲು, ಅದರಲ್ಲಿ ‘ಸುಧಾರಣೆ’ ಎಂಬ ಪದ ಇರಲಿಲ್ಲ.

ನನ್ನ ಮೇಜಿನ ವಿಷಯ ನನಗೆ ಬಿಡು. ನೀನು ನನ್ನನ್ನು ಕಾಪಾಡಲು ಹೊರಟಿದ್ದೀಯ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಬುಧವಾರ ದೊಡ್ಡ ಡಾಕ್ಟರ ಮುಂದೆ ಇಡಲು ಎರಡು ಹಾಳೆ ಬರೆದಿದ್ದೇನೆ. ಮೊದಲ ಸಾಲಿನಲ್ಲೇ ‘ನಾನು ಟೇಪು ಎಳೆದು ಅಳೆಯುತ್ತೇನೆ’ ಎಂದಿದೆ. ಓದಿದ ಮೇಲೆ ಅವರು ಮೇಜನ್ನು ಬೇರೆಯವರಿಗೆ ಕೊಡಬಹುದು. ಕೊಡುವುದಿಲ್ಲ ಎಂದು ನನ್ನ ಅಂದಾಜು. ಐದು ಸಲ ಅಳೆದರೆ ಒಂದೇ ಅಂಕಿ ಬರುವ ಇನ್ನೊಂದು ಕೈ ಈ ಕಟ್ಟಡದಲ್ಲಿಲ್ಲ, ಈಗ ಅದಕ್ಕೆ ದಾಖಲೆಯೂ ಇದೆ. ಅಂದಾಜು ತಪ್ಪಾದರೂ ಹಾಳೆಯ ಮೊದಲ ಸಾಲು ಬದಲಾಗುವುದಿಲ್ಲ.

ಟಿಪ್ಪಣಿ ಹೀಗಿರಬೇಕು: ‘ಕಳೆದ ಎರಡು ವರ್ಷಗಳ ಆವೃತ್ತಿಗಳಲ್ಲಿ ತಪ್ಪಿದೆ. ಟೇಪನ್ನು ಎಳೆದು ಅಳೆಯುವವರಿಗೆ ಅವು ಕೊಡುವ ಕೈಗವಸು ರಕ್ತ ತಡೆಯುವಷ್ಟು ಬಿಗಿಯಾಗುತ್ತದೆ. ನೀವು ಎಳೆಯುತ್ತೀರೋ ಇಲ್ಲವೋ ನಿಮಗೆ ಗೊತ್ತಿರುವುದಿಲ್ಲ, ನಮಗೂ ಗೊತ್ತಿರಲಿಲ್ಲ. ಹೊಸದನ್ನು ಹಾಕಿಕೊಳ್ಳುವವರೆಗೆ ಯಾರಿಗೂ ಹೊಲಿಯಬೇಡಿ. ಕೈಗವಸು ಬಿಟ್ಟುಬಿಟ್ಟ ರೋಗಿಗಳನ್ನು ಮತ್ತೆ ಕರೆಸಿ.’ ಕೊನೆಯ ಸಾಲು ಮುಖ್ಯ.

ಫೋನ್ ಮಾಡಿ ಹೇಳಬಹುದಿತ್ತು. ಮಾಡಿದರೆ ನೀನು ವಾದಿಸುತ್ತೀಯ, ನಿನ್ನ ಧ್ವನಿ ಕೇಳಿ ನಾನು ಒಪ್ಪಿಬಿಡುತ್ತೇನೆ. ಅದಕ್ಕೇ ಕಾಗದ. ಇದು ನಿನಗೆ ತಲುಪುವಷ್ಟರಲ್ಲಿ ಸೋಮವಾರ ಕಳೆದಿರುತ್ತದೆ, ನೀನು ಪುಟದಲ್ಲಿ ನೋಡಿರುತ್ತೀಯ. ಕೋಪ ಬಂದಿದ್ದರೆ ಇದನ್ನು ಓದಿದ ಮೇಲೆ ಇಳಿಯಲಿ ಎಂದು ಬರೆಯುತ್ತಿದ್ದೇನೆ. ಟಿಪ್ಪಣಿ ತಿದ್ದಿದ ದಿನವೇ ಒಪ್ಪುತ್ತೇನೆ, ಒಂದು ಗಂಟೆಯೂ ತಡಮಾಡುವುದಿಲ್ಲ.

‘ಒಪ್ಪಿದೆ’, ‘ಒಪ್ಪಿಲ್ಲ’, ಎರಡೂ ಗುಂಡಿಗಳು ಈಗ ನನ್ನ ಎದುರಿಗಿವೆ. ಯಾವುದನ್ನೂ ಒತ್ತಿಲ್ಲ, ಮೊದಲು ಈ ಕಾಗದ ಟಪಾಲಿಗೆ ಬೀಳಲಿ. ಶನಿವಾರ, ಭಾನುವಾರ ಕೋಣೆಗೆ ಬೀಗ ಇರುತ್ತದೆ. ಸೋಮವಾರ ಒಂಬತ್ತು ಗಂಟೆಗೆ, ಮೊದಲ ರೋಗಿ ಬರುವ ಮೊದಲು, ‘ಒಪ್ಪಿಲ್ಲ’ ಒತ್ತುತ್ತೇನೆ.

ಅಕ್ಕ